ಕಾಯಿಸಿದ ಕಾಯಿಹಾಲು

ವೈಶಾಖದ ಬಿಸಿಲು ಹಿತ್ತಲ ಪಡಸಾಲೆಯ ಫರಸಿ ಕಲ್ಲಿನ ಮೇಲೆ, ಎದ್ದು ಹೋಗುವ ಲಕ್ಷಣವೇ ಇಲ್ಲದ ಬೀಗರ ಹಾಗೆ ಕಾಲು ಚಾಚಿ ಕೂತಿತ್ತು. ದಾಕ್ಷಾಯಿಣಿ ಅದನ್ನು ದಾಟಿ ಫ್ರಿಜ್ಜಿನ ಹತ್ತಿರ ಹೋದಳು, ಬಾಗಿಲು ತೆರೆದು ಒಳಗಿನ ತಂಪಿಗೆ ಮುಖವೊಡ್ಡಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ತುರಿದು ಹಿಂಡಿ ಸೋಸಿಟ್ಟ ಕಾಯಿಹಾಲು ಐಸಿನ ಅಚ್ಚಿನಲ್ಲಿ ಬರ್ಫುಗಟ್ಟಿ ಪೇಡೆಗಳಂತೆ ಸಾಲಾಗಿತ್ತು. ಚೊಲೋ ಆಗಿತ್ತು. ಚೊಲೋ ಆಗಲೇಬೇಕಿತ್ತು. ಇಷ್ಟು ದಿನ ಮಾಡಿದ ಸಾಬೂನೆಲ್ಲ ಸಂಕೇಶ್ವರದ ಅಂಗಡಿಗೆ ಹೋಗಿತ್ತು, ಜೊತೆಯ ಟೀಚರುಗಳ ಮನೆಗೆ ಹೋಗಿತ್ತು. ಅವರು ಮೂಸಿ ನೋಡಿ ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಇವತ್ತಿನದು ಸುಂದರಾಬಾಯಿಯವರಿಗೆ. ಅವರು ಈ ಮನೆಯ ಒಡತಿ, ದಾಕ್ಷಾಯಿಣಿಯ ಬಾಯಲ್ಲಿ ಆಯಿ. ಹುಕ್ಕೇರಿಯ ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಬಂದು, ಬಸದಿಯ ಓಣಿಯ ಈ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇಳಿದಾಗಿನಿಂದ ಅವಳು ನೋಡುತ್ತಿದ್ದಳು: ಆಯಿ ಸಾಬೂನು ಮುಟ್ಟುವುದಿಲ್ಲ. ಬಸದಿಯಲ್ಲಿ ಅಹಿಂಸೆಯ ವ್ರತ ಹಿಡಿದ ದಿನವೇ ಬಿಟ್ಟರಂತೆ. 'ಅಂಗಡಿ ಸಾಬೂನಿನ್ಯಾಗ ಚರಬಿ ಇರತೈತವ್ವಾ. ಯಾವ ಪ್ರಾಣೀದೋ ಏನೋ, ಅದನ್ನ ಮೈಗೆ ತಿಕ್ಕಿಕೊಂಡು ನಾ ಚೊಕ್ಕ ಆದೆ ಅನ್ನೂದ ಹೆಂಗ?' ಅದರ ಬದಲಿಗೆ ಕಡಲೆಹಿಟ್ಟು. ಹಿಟ್ಟಿನಿಂದ ತಿಕ್ಕಿ ತಿಕ್ಕಿ ಆ ಅಂಗೈಗಳು ಒಣಗಿ ಬಿರುಕು ಬಿಟ್ಟಿದ್ದವು. ಚಳಿಗಾಲದಲ್ಲಿ ಬಿರುಕಿನಿಂದ ರಕ್ತ ಜಿನುಗುತ್ತಿತ್ತು. ಚರಬಿಯಿಲ್ಲದ, ಕೊಬ್ಬರಿ ಎಣ್ಣೆಯ, ಕಾಯಿಹಾಲಿನ ಮೆತ್ತಗಿನ ಸಾಬೂನೊಂದನ್ನು ಆ ಕೈಗಳಿಗೆ ಕೊಡಬೇಕು. ಆಯಿ ಅದನ್ನು ಮುಟ್ಟಬೇಕು. ಅಷ್ಟೇ. ಅಷ್ಟೇ ಎಂದುಕೊಂಡಾಗಲೆಲ್ಲ ಎದೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತವರಂತೆ ಹೊಡೆದುಕೊಳ್ಳುತ್ತಿತ್ತು.

ಆ ಕೈಗಳ ಹಂಗಿನಲ್ಲಿ ಅವಳಿದ್ದಳು. ಹೋದ ಮಳೆಗಾಲ ಟೈಫಾಯ್ಡ್ ಆಗಿ ಬಿದ್ದಾಗ ಮೂಡಲಗಿಯಿಂದ ಅಕ್ಕ ಶೋಭಾಗೆ ಬರಲಾಗಲಿಲ್ಲ, ಅವಳ ಅತ್ತೆಯೂ ಆಗ ಹಾಸಿಗೆ ಹಿಡಿದಿದ್ದಳು. ಗೋಕಾಕ ಫಾಲ್ಸಿನಲ್ಲಿದ್ದ ಅಪ್ಪನಿಗೆ ಬರೀ ನೆಗಡಿಯೆಂದು ಇಬ್ಬರೂ ಸೇರಿ ಸುಳ್ಳು ಹೇಳಿದ್ದರು. ಕಣ್ಣು ತೆರೆದಾಗ ಬಾಗಿಲಲ್ಲಿ ಆಯಿಯ ಬಿಳಿ ಸೀರೆ, ಕೈಯಲ್ಲಿ ಕಾಯಿಸಿ ಆರಿಸಿದ ನೀರಿನ ತಂಬಿಗೆ. 'ಒಂದ ಗುಟುಕ. ಇನ್ನೊಂದ ಗುಟುಕ. ಹಾಂ, ಶಾಣ್ಯಾಕಿ.' ಡಾಕ್ಟರು ನೀರು ಕಾಯಿಸಿ ಕುಡಿಯಿರಿ ಎಂದಾಗ ಆಯಿ ಅವರನ್ನು ನೋಡಿದ ರೀತಿ! ವರ್ಷಾನುಗಟ್ಟಲೆ ಮಾಡಿಕೊಂಡು ಬಂದದ್ದನ್ನು ನಿನ್ನೆ ಹುಟ್ಟಿದ ಹುಡುಗನೊಬ್ಬ ಕಂಡುಹಿಡಿದು ಹೇಳುತ್ತಿದ್ದಾನೆ ಎನ್ನುವ ಹಾಗೆ. ಜ್ವರ ಬಿಟ್ಟ ಮೇಲೆ ದಾಕ್ಷಾಯಿಣಿ ಮೊದಲು ಮಾಡಿದ ಕೆಲಸವೆಂದರೆ ಅಕ್ಕನಿಗೆ ಫೋನು ಹಚ್ಚಿ ಆ ನೋಟವನ್ನು ದನಿಯಲ್ಲಿ ಮಾಡಿ ತೋರಿಸಿದ್ದು. ನೋಟವನ್ನು ದನಿಯಲ್ಲಿ ಮಾಡುವುದು ಅವಳಿಗೆ ಬರುತ್ತಿತ್ತು. ಸಣ್ಣವಳಿದ್ದಾಗ ಗಿರಣಿಯ ಪಾಳಿಯ ಭೋಂಗಾದ ಹಾಗೆ ಕೂಗಿದ್ದಕ್ಕೆ, ಪಕ್ಕದ ಮನೆಯ ಕಾಕಾ ನಿದ್ದೆಗಣ್ಣಲ್ಲಿ ಡಬ್ಬಿ ಹಿಡಿದು ಪಾಳಿಗೆ ಹೊರಟೇಬಿಟ್ಟಿದ್ದ. ಗೋಕಾಕದ ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿಗೆ ಒನ್ಸ್ ಮೋರ್ ಬಿದ್ದಿತ್ತು. ಆದರೆ ಈಚೆಗೆ ಅವಳಿಗೇ ತಿಳಿಯತೊಡಗಿದ್ದ ಒಂದು ಸಂಗತಿಯಿತ್ತು: ಯಾರಿಗೆ ಕೃತಜ್ಞಳಾಗಿರಬೇಕೋ ಅವರ ದನಿಯನ್ನೇ ಅವಳು ಮೊದಲು ಕದಿಯುತ್ತಿದ್ದಳು. ಎತ್ತರದಲ್ಲಿದ್ದವರನ್ನು ನಾಲಗೆಯ ಮೇಲೆ ಇಳಿಸಿಕೊಂಡು, ಕೈಯಳತೆಗೆ ತಂದು, ಒಂದಿಷ್ಟು ನಗಿಸಿ, ಹಂಗಿನ ಭಾರ ಕಡಿಮೆಯಾಯಿತೆಂದು ಉಸಿರು ಬಿಡುತ್ತಿದ್ದಳು. ಕಡಿಮೆಯಾಗುತ್ತಿರಲಿಲ್ಲ.

ಬರ್ಫಿನ ತುಂಡುಗಳನ್ನು ಸ್ಟೀಲಿನ ಪಾತೇಲಿಗೆ ಸುರಿದು ಮುಚ್ಚಳ ಮುಚ್ಚಿದಳು. ಕಾಸ್ಟಿಕ್ ಸೋಡಾ ತೂಗಿ ಡಬ್ಬಿಯಲ್ಲಿಟ್ಟಳು. ಎಣ್ಣೆಗಳು ಆಗಲೇ ಬೆರೆತು ಬಿಸಿಲಿನ ಬೀಗರ ಮಗ್ಗುಲಲ್ಲಿ ಬೆಚ್ಚಗೆ ಕೂತಿದ್ದವು. ಸಾಬೂನಿನ ಗುಟ್ಟೆಲ್ಲ ಬಿಸಿಯಲ್ಲಿದೆ, ಬಿಸಿ ಅಂದರೆ ಎಷ್ಟು ಬಿಸಿ ಅನ್ನುವುದರಲ್ಲಿದೆ. ಕಾಸ್ಟಿಕ್ಕಿಗೆ ಒಲೆ ಬೇಕಿಲ್ಲ, ನೀರು ಕಂಡರೆ ಸಾಕು ತನ್ನಷ್ಟಕ್ಕೆ ಕುದಿಯುವಷ್ಟು ಕಾಯುತ್ತದೆ. ಅದು ಆರಬೇಕು, ಎಣ್ಣೆ ಬೆಚ್ಚಗಿರಬೇಕು, ಎರಡೂ ಹೆಚ್ಚು ಕಡಿಮೆ ಒಂದೇ ಬಿಸಿಗೆ ಬಂದಾಗ ಕೂಡಿಸಬೇಕು. ತಣ್ಣಗಿದ್ದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಹಿಟ್ಟಿನ ಹದ ಬಂದಂತೆ ತೋರಿಸುತ್ತದೆ. ಸುಳ್ಳು ಹದ. ಪುಷ್ಯದ ಚಳಿಯಲ್ಲಿ ಒಮ್ಮೆ ಹಾಗೆ ಮೋಸಹೋಗಿದ್ದಳು. ಮೇಲೆ ಬೆಣ್ಣೆಯಂತಿದ್ದ ಸಾಬೂನನ್ನು ಕೊಯ್ದರೆ ಒಳಗೆ ಬಿಳಿ ಕಾಳು, ಎಣ್ಣೆಯ ಜೊತೆ ಬೆರೆಯದೆ ಉಳಿದ ಕಾಸ್ಟಿಕ್ಕಿನ ಹನಿ, ನಾಲಗೆಯ ತುದಿಗೆ ಮುಟ್ಟಿಸಿದರೆ ಚುರ್‍ರ್. ತಾನೂ ಹೀಗೆಯೇ ಏನೋ ಎಂದು ಆಗ ಅನ್ನಿಸಿತ್ತು. ಗಟ್ಟಿಯಾದವಳಂತೆ ಕಾಣುವುದು, ಒಳಗೆ ಯಾವುದೂ ಯಾವುದರ ಜೊತೆಗೂ ಸೇರದೆ ಉಳಿದಿರುವುದು. ಬಿಸಿ ಹೆಚ್ಚಾದರೆ ಅದರದೇ ಬೇರೆ ರಗಳೆ; ಉಕ್ಕುತ್ತದೆ, ಬಿರಿಯುತ್ತದೆ. ಕಾಯಿಹಾಲಂತೂ ಬಿಸಿ ತಡೆಯುವುದಿಲ್ಲ, ಕಾಸ್ಟಿಕ್ಕಿನ ಕಾವಿಗೆ ಸುಟ್ಟು ಕೆಂಪಾಗುತ್ತದೆ. ಅದಕ್ಕೇ ಬರ್ಫು. ಬರ್ಫು ಕರಗುತ್ತ ಕರಗುತ್ತ ಕಾವನ್ನು ನುಂಗಬೇಕು, ಸಾಬೂನು ಬೆಳ್ಳಗೆ ಉಳಿಯಬೇಕು, ಆಯಿಯ ಸೀರೆಯ ಹಾಗೆ.

ಈ ತಿಂಗಳೆಲ್ಲ ಅವಳು ಆಯಿಯನ್ನು ಪೊಲೀಸರಂತೆ ವಿಚಾರಿಸಿದ್ದಳು. 'ಆಯಿ, ಔಡಲೆಣ್ಣಿ ನಡೀತೈತ್ರಿ?' ನಡೀತೈತಿ. 'ಜೇನ?' ಛೇ ಛೇ, ಜೇನಾ? 'ಶೇಂಗಾ ಎಣ್ಣಿ?' ನಡೀತೈತಿ, ಯಾಕ, ಭಜಿ ಮಾಡಾಕಿ ಏನ? ಎಲ್ಲ ಕೇಳಿದ್ದಳು. ಎಲ್ಲವೂ ಸರಿಯಿತ್ತು. ಕೈಗವಸು ಹಾಕಿಕೊಂಡು ಕಾಸ್ಟಿಕ್ಕಿನ ಡಬ್ಬಿ ಎತ್ತಬೇಕೆನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಶೋಭಾ. ಹಿತ್ತಲಲ್ಲಿ ರೇಂಜು ಸರಿಯಾಗಿ ಸಿಗುವುದಿಲ್ಲ. ಕೈಗವಸು ತೆಗೆದಿಟ್ಟು ಮುಂದಿನ ಕಟ್ಟೆಗೆ ಹೋದಳು.

'ಬಿಝಿ ಇದ್ದೀಯೇನ?'

'ಬಿಸಿ ಆಗಬಾರದಂತ ಬಿಝಿ ಇದ್ದೇನಿ. ಸಾಬೂನಾ.'

'ನಿಂದೊಂದ ಸಾಬೂನಾ! ಅಲ್ಲ, ನಮ್ಮ ಅತ್ತೀಗೆ ಇವತ್ತ ಅರಾಮ ಐತಿ, ಇಲ್ಲೇ ಬಾಜೂಕ ಕುಂತಾಳ. ನಿಮ್ಮ ಆಯೀದ ಒಂಚೂರ ಮಾಡಿ ತೋರಸು, ಆಕೀಗೆ ಕೇಳಬೇಕಂತ.'

'ಬ್ಯಾಡ ಬಿಡಕ್ಕಾ.'

'ಏ, ಶಾಣ್ಯಾಕಿ ಆಗಬ್ಯಾಡ. ಆ ನೀರ ಸೋಸೂದ ಮಾಡು.'

ಅವಳು ಮಾಡಿದಳು. ಆಯಿ ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ತಿರುಗಿ ಬಿಡುವಾಗ ಅವುಗಳ ಜೊತೆ ಮಾತಾಡುವುದಿತ್ತು. 'ಹೋಗ್ರಪಾ, ಹೋಗ್ರಿ, ನಿಮ್ಮ ನಿಮ್ಮ ಮನಿಗೆ ಹೋಗ್ರಿ. ಅಲ್ಲಽ, ಎಷ್ಟಂತ ಕಾಯಲಿ ನಾನು?' ಆ ಅಲ್ಲಽ ಎನ್ನುವುದನ್ನು ಆಯಿ ಎಳೆದು, ಕೊನೆಗೆ ಮೂಗಿನಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿ ಬಿಡುತ್ತಿದ್ದರು. ಮೂಡಲಗಿಯಲ್ಲಿ ಮುದುಕಿಯೊಬ್ಬಳು ಕೆಮ್ಮಿ ಕೆಮ್ಮಿ ನಕ್ಕದ್ದು ಕೇಳಿಸಿತು. ಆ ನಗುವಿಗೆ ದಾಕ್ಷಾಯಿಣಿಗೆ ಖುಷಿಯಾಯಿತು, ಇನ್ನೊಂದು ಮಾಡಿದಳು. ಮತ್ತೊಂದು ಮಾಡಿದಳು. ಓಣಿಯಲ್ಲಿ ಹಾದುಹೋದ ಹೆಂಗಸು ತಿರುಗಿ ನೋಡಿದಾಗ ದನಿ ತಗ್ಗಿಸಿದಳು. ಅರ್ಧ ತಾಸಾದ ಮೇಲೆ ಫೋನಿಟ್ಟಾಗ ಬಾಯಲ್ಲಿ ಸಕ್ಕರೆ ಹೆಚ್ಚಾದ ಚಹಾ ಕುಡಿದಂಥ ರುಚಿ ಉಳಿಯಿತು. ಆಯಿಯ ಸಲುವಾಗಿ ಸಾಬೂನು ಮಾಡುವುದನ್ನು ನಿಲ್ಲಿಸಿ ಆಯಿಯನ್ನೇ ಮಾಡುತ್ತ ಕೂತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಒಳಗೆ ಬಂದಾಗ ಆಯಿ ಅಡುಗೆಮನೆಯಲ್ಲಿದ್ದರು, ಸೌಟಿನ ಸಪ್ಪಳ. ಕೇಳಿಸಿತೋ? ಕಟ್ಟೆಗೂ ಅಡುಗೆಮನೆಗೂ ನಡುವೆ ಒಂದು ಪಡಸಾಲೆ, ಒಂದು ದೇವರ ಖೋಲಿ. ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೆ ಸೌಟು ಹೀಗೆ ಸಪ್ಪಳ ಮಾಡುತ್ತಿತ್ತೇ? ಅಥವಾ ಕೇಳಿಸಿದ್ದಕ್ಕೇ ಹೀಗೆ ಮಾಡುತ್ತಿದೆಯೇ?

ಆ ಯೋಚನೆಯಲ್ಲೇ ಕೈಗವಸು ಹಾಕಿ ಪಾತೇಲಿಯ ಮುಚ್ಚಳ ತೆಗೆದಳು. ಬರ್ಫು ಇರಲಿಲ್ಲ, ಹಾಲಿತ್ತು. ಕರಗಿಬಿಟ್ಟಿದೆ, ಈ ಸುಡುಗಾಡು ಬಿಸಿಲಿಗೆ, ನನ್ನ ಹರಟೆಗೆ, ಎಂದುಕೊಂಡಳು. ಕರಗಿದರೂ ತಣ್ಣಗಂತೂ ಇರುತ್ತದಲ್ಲ. ದಪ್ಪ ರಬ್ಬರಿನ ಕೈಗವಸಿಗೆ ಪಾತೇಲಿ ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಹೊತ್ತಾಗಿತ್ತು, ಚಮಚ ಚಮಚ ಹಾಕುವವಳು ಡಬ್ಬಿಯನ್ನೇ ಬಗ್ಗಿಸಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹಾಲು ಒಳಗಿನಿಂದ ಮಿಸುಕಿತು, ಅಂಚಿನಲ್ಲಿ ಹಳದಿಯಾಯಿತು, ಕಿತ್ತಳೆಯಾಯಿತು, ನೋಡುನೋಡುತ್ತ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು, ಕೋಳಿಗೂಡಿನಂಥ ಕಟು ವಾಸನೆಯ ಹಬೆಯೊಂದು ಎದ್ದು ಕನ್ನಡಕವನ್ನು ಮಬ್ಬು ಮಾಡಿತು. ಥರ್ಮಾಮೀಟರು ಅದ್ದಿದರೆ ಮುಳ್ಳು ಓಡಿತು; ಬರೀ ಕರಗಿದ ಬರ್ಫಾಗಿದ್ದರೆ ಇಷ್ಟು ಕಾಯುತ್ತಿರಲಿಲ್ಲ. ಮುಖ ತಿರುಗಿಸಿ, ಕಿಟಕಿ ತೆರೆದು, ಕೆಮ್ಮುತ್ತ ನಿಂತಳು. ಅದನ್ನು ಅಲ್ಲೇ ಬಿಡಬೇಕಿತ್ತು. ಆರಲು ಬಿಡಬೇಕಿತ್ತು. ಆದರೆ ಸಿಟ್ಟು ಬಂದಾಗ ಕೈ ಕೆಲಸ ಮುಗಿಸಲು ನೋಡುತ್ತದೆ; ಸುಡುವ ಆ ಕೆಂಪು ನೀರನ್ನು ಹಾಗೆಯೇ ಎಣ್ಣೆಗೆ ಸುರಿದು ಕಡೆದಳು. ಬ್ಲೆಂಡರು ಎರಡು ಸುತ್ತು ಹಾಕಿತೋ ಇಲ್ಲವೋ, ಎಲ್ಲವೂ ಒಮ್ಮೆಲೆ ಬಿಗಿದುಕೊಂಡು ಉಪ್ಪಿಟ್ಟಿನ ಮುದ್ದೆಯಂತಾಯಿತು. ಅದನ್ನು ಕಟ್ಟಿಗೆಯ ಅಚ್ಚಿಗೆ ಗುದ್ದಿ ಗುದ್ದಿ ತುಂಬಿ, ಯಾವಾಗಲೂ ಮಾಡುವ ರೂಢಿಯಂತೆ ಕಾವು ಹೋಗದಿರಲೆಂದು ಕೌದಿ ಹೊಚ್ಚಿದಳು. ಆಗಲೇ ಸುಡುತ್ತಿರುವುದಕ್ಕೆ ಕೌದಿ ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ.

'ಆಯೀ! ಈ ಪಾತೇಲಿ ಯಾರರೆ ಮುಟ್ಟಿದ್ರೇನ್ರಿ?'

ಸೌಟು ನಿಂತಿತು. ಆಯಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. 'ನಾನವ್ವಾ. ಬರ್ಫ್ ಇತ್ತಲ್ಲ, ಕಾಯಿಸಿ ಇಟ್ಟೆ. ಒಂದ ಕುದಿ ಬರಿಸಿ, ಆರಿಸಿ, ಮತ್ತ ಅದರಾಗ ಹಾಕಿದೆ. ಅಲ್ಲಽ, ಬರ್ಫಿನ್ಯಾಗ ಎಷ್ಟ ಜೀವ ಇರತಾವ, ಗೊತ್ತೈತಿಲ್ಲ? ಅದರ ಮ್ಯಾಲ ನೀ ಆ ಉರಿಯೂದ ಪುಡಿ ಹಾಕಾಕಿ...'

ಮುಂದಿನದು ಹೇಗಾಯಿತು ಎಂದು ದಾಕ್ಷಾಯಿಣಿಗೆ ಆಮೇಲೆ ಎಷ್ಟು ನೆನೆದರೂ ಸರಿಯಾಗಿ ಜೋಡಿಸಲಾಗಲಿಲ್ಲ. ತಾನು ಬಾಯಿ ತೆರೆದದ್ದು ಸಿಟ್ಟು ಮಾಡಲಿಕ್ಕೇ. ಆದರೆ ಹೊರಗೆ ಬಂದ ದನಿ ಅವಳದಾಗಿರಲಿಲ್ಲ. ಕಟ್ಟೆಯ ಮೇಲೆ ಬೆಚ್ಚಗಾಗಿದ್ದ ನಾಲಗೆ ಹಳೆಯ ಹಳಿಯ ಮೇಲೇ ಓಡಿತು. 'ಅಲ್ಲಽ! ಜೀವ ಇರತಾವವ್ವಾ! ಹೋಗ್ರಪಾ, ಹೋಗ್ರಿ, ನಿಮ್ಮ ನಿಮ್ಮ ಮನಿಗೆ ಹೋಗ್ರಿ! ದಾಕ್ಷೀನ ಸಾಬೂನ ಹಾಳಾದರ ಆಗಲಿ, ನೀವಷ್ಟ ಚಂದ ಇರ್ರಿ! ಅಲ್ಲಽ, ಎಷ್ಟಂತ ಕಾಯಲಿ ನಾನು!' ಮೂಗಿನ ಎಳೆತ, ಕೊನೆಯ ಏರು, ಸೆರಗಿಗೆ ಕೈ ಒರೆಸುವುದು ಕೂಡ. ರಬ್ಬರಿನ ಕೈಗವಸಿನಲ್ಲೇ ಇಲ್ಲದ ಸೆರಗಿಗೆ ಕೈ ಒರೆಸಿದಳು. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಮುಗಿದ ಮೇಲೆ, ಕಲಿತ ಕಿವಿ ತನ್ನಷ್ಟಕ್ಕೆ ಚಪ್ಪಾಳೆಗೆ ಕಾಯಿತು.

ಆಯಿಯ ಬಾಯಿ ಸ್ವಲ್ಪ ತೆರೆದೇ ಇತ್ತು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಪರಿಚಯದವರನ್ನು ಗುರುತು ಹಿಡಿಯಲಾಗದವರ ಮುಖದಂತಿತ್ತು. 'ಹೌದ ಹೌದ' ಎಂದರು, ಯಾರಿಗೋ ಎನ್ನುವ ಹಾಗೆ. ಒಳಗೆ ಹೋದರು.

ಅವಳು ಫರಸಿಯ ಮೇಲೆ ಕೂತಳು. ಬಿಸಿಲು ಆಗಲೇ ಎದ್ದು ಗೋಡೆಯ ಮೇಲೆ ಹತ್ತಿತ್ತು. ಹೋಗಿ ಕಾಲು ಹಿಡಿಯಬೇಕೆಂದುಕೊಂಡಳು. ಕಾಲು ಹಿಡಿಯುವ ತನ್ನನ್ನು ಅಕ್ಕನಿಗೆ ನಾಳೆ ಫೋನಿನಲ್ಲಿ ಮಾಡಿ ತೋರಿಸುತ್ತಿರುವುದೂ ಅದರ ಜೊತೆಗೇ ಕಂಡು ಹೇಸಿಗೆಯಾಯಿತು. ಏನೆಂದು ಹೇಳುವುದು? ತಪ್ಪಾತ್ರಿ ಆಯಿ. ಒಳಗೇ ಹೇಳಿ ನೋಡಿದಳು: ಹೆಡ್‌ಮಾಸ್ತರರ ಮುಂದೆ ತಡವಾಗಿ ಬಂದ ಹುಡುಗಿಯ ದನಿ. ಇನ್ನೊಮ್ಮೆ: ಬಸ್ಸಿನಲ್ಲಿ ಕಾಲು ತುಳಿದವರ ದನಿ. ಎದೆಯಲ್ಲಿ ಇದ್ದದ್ದು ಗಂಟಲಿಗೆ ಬರುವಷ್ಟರಲ್ಲಿ ಯಾರದೋ ಅಂಗಿ ತೊಟ್ಟುಕೊಳ್ಳುತ್ತಿತ್ತು. ಜ್ವರದಲ್ಲಿ ಮಾತ್ರ ತಾನು ಯಾರ ಹಾಗೂ ನರಳಿರಲಿಲ್ಲ. ಹಣೆಯ ಮೇಲೆ ಒದ್ದೆ ಬಟ್ಟೆ ಬದಲಾಗುತ್ತಿತ್ತು, ಬಿರುಕುಬಿಟ್ಟ ಬೆರಳಿನ ಒರಟು ಹುಬ್ಬಿಗೆ ತಾಗುತ್ತಿತ್ತು, ಏನೋ ಬೇಕೆಂದು ಬಾಯಿ ತೆರೆದರೆ ಕೇಳುವುದಕ್ಕೆ ಮೊದಲೇ ಅದು ಬರುತ್ತಿತ್ತು. ಅಂಥವರನ್ನು, ಅವರ ಮನೆಯಲ್ಲಿ, ಅವರ ಮುಖದ ಮುಂದೆ. ನಾಳೆಯಿಂದ ಇಲ್ಲಿ ಇರುವುದು ಹೇಗೆ? ಖೋಲಿ ಸಿಗುತ್ತದೆ, ಹುಕ್ಕೇರಿಯಲ್ಲಿ ಖೋಲಿಗೇನು ಬರ. ಬಾವಿಯ ಮಗ್ಗುಲಲ್ಲಿ ನೀರಿನ ಜೊತೆ ಮಾತಾಡುವ ಮನುಷ್ಯರು ಎಲ್ಲಿ ಸಿಗಬೇಕು? ಒಂದು ಕಡೆ ಇನ್ನೂ ಸಿಟ್ಟಿತ್ತು, ಅದನ್ನೂ ಅವಳು ನೋಡಿದಳು: ಕೇಳದೆ ಯಾಕೆ ಮುಟ್ಟಬೇಕಿತ್ತು? ಬೇಕೆಂದೇ ಮಾಡಿದರೆ? ಕಟ್ಟೆಯ ಮೇಲಿನದು ಕೇಳಿಸಿ, ಅದಕ್ಕೇ ಮಾಡಿದರೆ? ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು, ಇಬ್ಬರದೂ ಸಮವಾಗುತ್ತಿತ್ತು. ಆದರೆ ಆ ಕೈಗಳು ಬೇಕೆಂದು ಒಂದು ಇರುವೆಯ ದಾರಿಯನ್ನೂ ತಪ್ಪಿಸಿರಲಿಲ್ಲ.

ಬೆಳಕು ಹಳದಿಯಾಯಿತು. ಆಯಿ ಹೊತ್ತು ಮುಳುಗುವ ಮೊದಲು ಉಣ್ಣುವವರು. ಜ್ವರದ ದಿನಗಳಿಂದ ದಾಕ್ಷಾಯಿಣಿಯ ರಾತ್ರಿಯೂಟವೂ ಸಂಜೆಗೇ ಬಂದುಬಿಟ್ಟಿತ್ತು. ದಿನಾ ಇಷ್ಟು ಹೊತ್ತಿಗೆ ಒಳಗಿನಿಂದ ಕರೆ ಬರುತ್ತಿತ್ತು. ಇವತ್ತು ಅದು ಬರುವುದಿಲ್ಲ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಗಟ್ಟಿಯಾಯಿತು ಕೂಡ.

'ದಾಕ್ಷೀ, ಹೊತ್ತ ಮುಳಗತೈತಿ. ಬಾ.'

ದನಿಯಲ್ಲಿ ಏನೂ ಹೆಚ್ಚುಕಡಿಮೆ ಇರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡು ಬಂದು ಮಣೆಯ ಮೇಲೆ ಕೂತಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಆಯಿ ಎದುರಿಗೆ ಕೂತರು, ರೊಟ್ಟಿ ಮುರಿದರು, ಮುರಿದದ್ದನ್ನು ತಿನ್ನದೆ ಹಿಡಿದುಕೊಂಡರು.

'ಇನ್ನೊಮ್ಮೆ ಅನ್ನ ನೋಡೂಣು.'

'ಏನ್ರಿ?'

'ಆಗ ಅಂದೆಲ್ಲ. ಅಲ್ಲಽ ಅಂತ.'

'ಆಯೀ, ನನ್ನದ ತಪ್ಪಾತ್ರಿ. ನಾನು...'

'ತಪ್ಪ ಒಪ್ಪ ಆಮ್ಯಾಲ. ನಾ ಹಂಗಽ ಅಂತೇನೇನ, ಖರೆ ಹೇಳು.'

ದಾಕ್ಷಾಯಿಣಿ ತಲೆ ತಗ್ಗಿಸಿದಳು. 'ಅಂತೀರಿ.'

'ಮೂಗಿನ್ಯಾಗ?'

'ಸ್ವಲ್ಪ.'

ಆಯಿ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟರು. 'ನಮ್ಮವ್ವ ಹಂಗಽ ಅಂತಿದ್ಲು. ನೀ ಬಾಯಿ ತಗದಾಗ ನನಗ ಮೈ ಜುಂ ಅಂತು ನೋಡು. ಇಲ್ಲೇ ಎಲ್ಲೋ ನಿಂತು ನನ್ನ ಬೈಯಾಕತ್ತಾಳ ಅನ್ನಿಸ್ತು. ಆಕಿ ಹೋದ ಮ್ಯಾಲ ನಾ ಆ ದನಿ ಮರತಬಿಟ್ಟಿದ್ದೆ. ಮುಖ ನೆನಪೈತಿ, ನಡಿಗಿ ನೆನಪೈತಿ, ದನಿ ಮಾತ್ರ ಎಷ್ಟ ನೆನಸಿದರೂ ಬರತಿದ್ದಿಲ್ಲ. ಅದು ನನ್ನ ಬಾಯಾಗಽ ಇತ್ತು ಅಂತ ಯಾರೂ ಹೇಳಲಿಲ್ಲಲ್ಲ ಇಷ್ಟ ದಿನಾ!' ಮುಖದ ಮೇಲೆ ನಗುವೊಂದು ಬಂತು, ತನ್ನ ಮನೆಯಲ್ಲೇ ಏನೋ ಸಿಕ್ಕವರದು. 'ಆದರ ಒಂದ ಹೇಳತೇನಿ, ಸಿಟ್ಟಿಗೇಳಬ್ಯಾಡ. ಕಟ್ಟೀ ಮ್ಯಾಲ ಫೋನಿನ್ಯಾಗ ಮಾಡಿದ್ದು ಅಷ್ಟ ಬರೋಬ್ಬರಿ ಬಂದಿದ್ದಿಲ್ಲ. ಸಿಟ್ಟಿನ್ಯಾಗ ಮಾಡಿದ್ದು ಬಂತು.'

ದಾಕ್ಷಾಯಿಣಿಯ ಕಿವಿ ಸುಟ್ಟಿತು. ಬಾಯಲ್ಲಿದ್ದ ತುತ್ತು ಅತ್ತ ಹೋಗದೆ ಇತ್ತ ಬರದೆ ನಿಂತಿತು. ಆಯಿ ಮಜ್ಜಿಗೆಯ ವಾಟಿಯನ್ನು ಮುಂದೆ ಸರಿಸಿದರು.

'ಕುಡಿ, ನೆತ್ತಿಗೆ ಹತ್ತೀತು. ನನ್ನ ಮಾಡಿ ನಗತೀ ಅಂತ ನನಗ ಗೊತ್ತಿಲ್ಲೇನ? ಟೈಫಾಯ್ಡ್ ಆದಾಗೂ ಮಾಡತಿದ್ದಿ, ಜ್ವರ ಬಿಟ್ಟೈತಿ ಅನ್ನೂದ ನನಗ ಅದರಿಂದಽ ಗೊತ್ತಾಗಿದ್ದು.'

'ಮತ್ತ ಯಾಕ ಕಾಯಿಸಿದ್ರಿ ಆಯಿ?' ಈ ಸಲ ದನಿ ಎಲ್ಲಿಂದಲೋ ಬಂತು, ಯಾರದೆಂದು ನೋಡಲು ಪುರುಸೊತ್ತಿರಲಿಲ್ಲ. 'ಕೇಳಬೇಕಿಲ್ರಿ ನನ್ನ? ಅದು ತಣ್ಣಗಽ ಇರಬೇಕಿತ್ತು.'

'ನಂದು ತಪ್ಪಾತು. ಸಾಬೂನಿನ ಬಿಸಿ ತಂಪ ನನಗೇನ ಗೊತ್ತವ್ವಾ? ನಂದೊಂದ ಲೆಕ್ಕ ಇತ್ತು. ಔಡಲೆಣ್ಣಿ ನಡೀತೈತಿ? ಜೇನ ನಡೀತೈತಿ? ಇಷ್ಟೆಲ್ಲ ಕೇಳಿದ ಮ್ಯಾಲ ಯಾರ ಸಲುವ ಅಂತ ತಿಳಿಯೂದಿಲ್ಲೇನ? ನನ್ನ ಸಲುವ ಮಾಡಾಕತ್ತಾಳ ಅಂತ ಖುಷಿಲೇ ಇದ್ದೆ. ಇವತ್ತ ಮುಚ್ಚಳಾ ತಗದ ನೋಡತೇನಿ, ಬರ್ಫ್! ಬರ್ಫ್ ಹಾಕಿ ಮಾಡಿದ್ದನ್ನ ನಾ ಮುಟ್ಟಾಂಗಿಲ್ಲ. ಮುಟ್ಟಾಂಗಿಲ್ಲ ಅಂದರ ನಿನ್ನ ಮಾರಿ ಸಣ್ಣದ ಆಗತೈತಿ. ಬ್ಯಾಡ ಅನ್ನೂದ ಹೆಂಗ, ಒಲ್ಲೆ ಅನ್ನೂದ ಹೆಂಗ? ಕಾಯಿಸಿದರ ನಡೀತೈತಲ್ಲ, ಸುಮ್ಮನ ಕಾಯಿಸಿ ಇಟ್ಟಬಿಡೂಣು, ಆಕೀಗೆ ಗೊತ್ತಾಗೂದಿಲ್ಲ, ನಾಳೆ ಕೊಟ್ಟರ ತಗೊಂಡ ಹಚ್ಚಿಕೊಳ್ಳೂಣು. ಹಿಂಗ ಲೆಕ್ಕಾ ಹಾಕಿದೆ.'

ಎಲ್ಲ ಎಣ್ಣೆಗಳನ್ನೂ ಕೇಳಿದ್ದಳು. ಬರ್ಫಿನ ವಿಷಯ ಅವಳ ತಲೆಗೇ ಹೊಳೆದಿರಲಿಲ್ಲ. ದಿನಾ ಕಣ್ಣ ಮುಂದೆ ನೀರು ಕಾಯುತ್ತಿತ್ತು, ಆರುತ್ತಿತ್ತು. ಅದನ್ನು ನಗೆಯಾಡಲಿಕ್ಕೆ ಬೇಕಾದಷ್ಟು ನೋಡಿದ್ದಳು, ನೋಡಬೇಕಾದಷ್ಟು ನೋಡಿರಲಿಲ್ಲ. ತಾನು ಕೊಡಬೇಕೆಂದು ಹೊರಟದ್ದನ್ನು ತೆಗೆದುಕೊಳ್ಳುವುದಕ್ಕಾಗಿ ಈ ಮುದುಕಿ ಕದ್ದು ಒಲೆ ಹಚ್ಚಿದ್ದಳು. ದಾಕ್ಷಾಯಿಣಿ ಮಜ್ಜಿಗೆ ಕುಡಿದಳು. ಉಪ್ಪು ಸರಿಯಾಗಿತ್ತು. ಎಲ್ಲವೂ ಸರಿಯಾಗಿತ್ತು, ಸಾಬೂನೊಂದನ್ನು ಬಿಟ್ಟು.

ಕೈತೊಳೆದು ಇಬ್ಬರೂ ಹಿತ್ತಲಿಗೆ ಬಂದರು. ಕೌದಿ ನಡುವಿನಲ್ಲಿ ಎದ್ದು ನಿಂತಿತ್ತು. ತೆಗೆದು ನೋಡಿದರೆ ಒಳಗೆ ಸಾಬೂನು ತನ್ನ ಕಾವಿಗೆ ತಾನೇ ಉಬ್ಬಿ, ಉದ್ದಕ್ಕೂ ಬಿರಿದು, ಬಿರುಕಿನಿಂದ ಕಂದು ರಸವೊಂದು ಹೊರಗೆ ಇಣುಕಿ ಅಲ್ಲೇ ಗಟ್ಟಿಯಾಗಿತ್ತು.

'ಯಪ್ಪಾ! ರೊಟ್ಟಿ ಉಬ್ಬಿದಾಂಗ ಉಬ್ಬೇತಲ್ಲಾ!'

'ಹೊಲಸ ಆತ್ರಿ ಆಯಿ. ಚೆಲ್ಲತೇನಿ. ಇನ್ನೊಂದ ಮಾಡೂಣು. ನೀರು, ಹಾಲು ಮುಂಜಾನೆ ಕಾಯಿಸಿಬಿಡೂಣು, ಆಮ್ಯಾಲ ಪಾತೇಲಿ ತಣ್ಣೀರಿನ್ಯಾಗ ಇಟ್ಟು ಆರಿಸಿದರಾತು. ಬರ್ಫಽ ಬ್ಯಾಡ. ಬೆಳ್ಳಗ ಬರತೈತಿ.'

'ಇದಕ್ಕೇನಾಗೇತಿ? ವಿಷ ಆಗೇತೇನ?'

'ವಿಷ ಏನಿಲ್ಲ. ಬಲಿತ ಮ್ಯಾಲ ಸಾಬೂನ ಆಗತೈತಿ. ವಾಸನೀನೂ ಹೋಗತೈತಿ. ಆದರ ನೋಡಾಕ...'

'ನೋಡಾಕ ನಾನೇನ ಅದನ್ನ ದೇವರ ಖೋಲ್ಯಾಗ ಇಡಾಕಿಯೇನ?' ಆಯಿ ಬಗ್ಗಿ, ಮುಟ್ಟದೆ, ಬಿರುಕಿನ ಹತ್ತಿರ ಅಂಗೈ ಹಿಡಿದು ಕಾವನ್ನು ನೋಡಿದರು. 'ಇನ್ನೂ ಸುಡತೈತಿ. ಇದು ನಂದು. ಚೆಲ್ಲಿಗಿಲ್ಲಿಯಾ.'

ಬಲಿಯುವ ತನಕ ಅದು ಖೋಲಿಯ ಕಿಟಕಿಯಲ್ಲಿ ಪೇಪರಿನ ಮೇಲೆ ಕೂತಿತ್ತು. ಮೊದಲ ವಾರ ಕಿಟಕಿಯ ಹತ್ತಿರ ಹೋಗುವ ಹಾಗಿರಲಿಲ್ಲ, ಅಷ್ಟು ಘಾಟು. ಜೂನಿನ ಮಿರಗದ ಮಳೆ ಬಂತು, ಸಾಲೆ ಸುರುವಾಯಿತು, ಘಾಟು ಇಳಿದು ಸುಟ್ಟ ಕೊಬ್ಬರಿಯ ಸಣ್ಣ ವಾಸನೆಯಷ್ಟೇ ಉಳಿಯಿತು. ಕೊಯ್ದಾಗ ಒಳಗೆ ಕಾಳಿರಲಿಲ್ಲ, ಹನಿಯಿರಲಿಲ್ಲ. ಅಷ್ಟು ಕಾವಿನಲ್ಲಿ ಎಲ್ಲವೂ ಬೆಂದು ಒಂದಾಗಿತ್ತು. ಒಂದು ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿದಳು. ಸುಮ್ಮನಿತ್ತು. ಕಟ್ಟಿಗೆಯ ತುಂಡಿನಂಥ, ಓರೆಕೋರೆಯಾದ ಆ ಒಂದನ್ನು ಹಿಡಿದು ಬಚ್ಚಲಿನ ಬಾಗಿಲಿಗೆ ಹೋದಾಗ ಅವಳಿಗೆ ಭಯವಾಯಿತು. ಒಲ್ಲೆ ಎಂದರೆ? ಇಷ್ಟಾದ ಮೇಲೂ, ಏನೋ ಒಂದು ನಡೆಯದ ಸಂಗತಿ ಇದರೊಳಗೆ ಉಳಿದುಬಿಟ್ಟಿದ್ದರೆ?

ಆಯಿ ಕಲ್ಲಿನ ಮೇಲೆ ಕೂತು ಕೈ ಮುಂದೆ ಮಾಡಿದ್ದರು. ದಾಕ್ಷಾಯಿಣಿ ಸೋಸಿ ಕಾಯಿಸಿ ಆರಿಸಿದ ನೀರನ್ನು ತಂಬಿಗೆಯಿಂದ ಧಾರೆಯಾಗಿ ಬಿಟ್ಟಳು, ಸಾಬೂನನ್ನು ಅಂಗೈಯಲ್ಲಿಟ್ಟಳು. ಆಯಿ ಅದನ್ನು ತಿರುವಿ ನೋಡಿದರು, ಮೂಸಿದರು, ಎರಡೂ ಅಂಗೈಗಳ ನಡುವೆ ಹಿಡಿದು, ಕಡಲೆಹಿಟ್ಟು ತಿಕ್ಕುವ ರೂಢಿಯಲ್ಲಿ ಬಲವಾಗಿ ಒಮ್ಮೆ ಒತ್ತಿ ತಿಕ್ಕಿದರು. ಸಾಬೂನು ಚಂಗನೆ ಹಾರಿ, ಗೋಡೆಗೆ ಬಡಿದು, ಒಲೆಯ ಮಗ್ಗುಲಿಗೆ ಜಾರಿ, ಬಚ್ಚಲ ನೀರು ಹೋಗುವ ಹರಿನಾಳದ ಬಾಯಿಯಲ್ಲಿ ಹೋಗಿ ನಿಂತಿತು. ದಾಕ್ಷಾಯಿಣಿ ತಂಬಿಗೆ ಬಿಟ್ಟು ಅದರ ಮೇಲೆ ಬಿದ್ದಳು.

'ಅಯ್ಯ! ಜಾರತೈತಲ್ಲಽ ಇದು!' ಆಯಿ ಬಾಯಿ ತೆರೆದು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. 'ಮರತಬಿಟ್ಟಿದ್ದೆ ನೋಡವ್ವಾ. ಸಾಬೂನ ಜಾರತೈತಿ ಅನ್ನೂದನ್ನಽ ಮರತಬಿಟ್ಟಿದ್ದೆ.'

ಅವರ ಅಂಗೈಗಳಲ್ಲಿ, ಬಿರುಕುಗಳ ತುಂಬ, ತೆಳ್ಳಗಿನ ನೊರೆ ಹತ್ತಿತ್ತು. ಅವರು ಅದನ್ನು ತೊಳೆದುಕೊಳ್ಳಲಿಲ್ಲ. ಕೈಯನ್ನು ಹಾಗೆಯೇ ಮುಂದೆ ಚಾಚಿ, ಬೆರಳು ಆಡಿಸಿದರು.

'ತಾ ಇಲ್ಲೆ. ಈ ಸಲ ಮೆಲ್ಲಕ ಹಿಡೀತೇನಿ.'